ಎಲ್ಲರೂ ಮೇಸ್ತ್ರಿಗಳಾದ ವಾರ

ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. “ಮೇಡಂ, ಕಾರ್ಮಿಕ ನಿರೀಕ್ಷಕಿಗೆ ಮೊದಲು ಬೇಕಾದ ಗುಣ ಯಾವುದು?” ಎಂದು ಕೇಳಿದಳು. “ಮೂಗು ಮುಚ್ಚಿಕೊಳ್ಳದೆ ಮಾತಾಡುವುದು” ಎಂದೆ. ಅವಳು ಅದನ್ನು ಗಂಭೀರವಾಗಿ ಬರೆದುಕೊಂಡಳು. ನನಗೆ ನಗು ತಡೆಯಲಾಗಲಿಲ್ಲ, ಆದರೆ ಹೇಳಿದ್ದು ನಿಜವೇ. ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ ಬೆಂದ ಹುಳದ ವಾಸನೆ ಎಂಥದ್ದೆಂದು ಗೊತ್ತಿಲ್ಲದವರಿಗೆ ಎಷ್ಟು ವಿವರಿಸಿದರೂ ತಿಳಿಯುವುದಿಲ್ಲ. ಆ ವಾಸನೆಯಲ್ಲಿ ದಿನವಿಡೀ ಕೂತ ಹೆಂಗಸರ ಮುಂದೆ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡರೆ ಅವರು ನಿಮಗೆ ಏನನ್ನೂ ಹೇಳುವುದಿಲ್ಲ. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತಿತ್ತು. ಕಾಲು ಚಾಚಿ ಕೂರುತ್ತಿದ್ದೆ.

ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಅಡ್ಡಗಾಲು ಹಾಕಿದರು ಎಂಬ ಪುರಾಣ ಕೇಳಿ ಕೇಳಿ ನಮ್ಮ ಯಜಮಾನರು ಈಗ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ್ದು ರೇಷ್ಮೆ ಉಕ್ಕಿ ಹರಿಯುತ್ತಿದ್ದ ಕಾಲದ ಮಾತು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೊತ್ತು ಹುಟ್ಟುವ ಮುಂಚೆ ಲಾರಿ, ಟೆಂಪೊ, ಬಸ್ಸಿನ ಟಾಪು, ಎಲ್ಲದರ ಮೇಲೂ ಗೂಡಿನ ಮೂಟೆ ಬರುತ್ತಿತ್ತು. ನಿನ್ನೆವರೆಗೆ ರಾಗಿ ಹೊಲವಾಗಿದ್ದದ್ದು ಇವತ್ತು ಹಿಪ್ಪುನೇರಳೆ ತೋಟ. ಓಣಿಗೊಂದು ನೂಲು ತೆಗೆಯುವ ರೀಲಿಂಗ್ ಯೂನಿಟ್ಟು. ಜನರ ಕೈಯಲ್ಲಿ ಕಾಸು ಓಡಾಡಿ ಊರಿಗೆ ಊರೇ ಒಂಥರಾ ಅಮಲಿನಲ್ಲಿತ್ತು. ನಾನು ಒಂದು ಹಳೆಯ ಮೊಪೆಡ್ಡು ಹತ್ತಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ರಾಮನಗರದ ಸುತ್ತಿನ ನಾಲ್ಕು ತಾಲೂಕಿನಲ್ಲಿ ಯಾರಿಗೆ ಎಷ್ಟು ಕೂಲಿ, ಹೆಚ್ಚು ಹೊತ್ತು ದುಡಿದದ್ದಕ್ಕೆ ಯಾರಿಗೆ ಓಟಿ ಸಲ್ಲಬೇಕು, ಯಾರಿಗೆ ಸಲ್ಲದು ಎಂದು ವಿಚಾರಿಸುತ್ತ ತಿರುಗುತ್ತಿದ್ದೆ. ನನಗೆ ಸಿಟ್ಟು ಬೇಗ ಬರುತ್ತದೆ, ನಗು ಅದಕ್ಕಿಂತ ಬೇಗ. ಎರಡೂ ಒಟ್ಟಿಗೆ ಬಂದಾಗ ಮೊಪೆಡ್ಡು ನಿಲ್ಲಿಸಿಬಿಡುತ್ತಿದ್ದೆ.

ಮೊದಲ ತಪಾಸಣೆಯೇ ಮಾಗಡಿ ಕಡೆ ಎಡವಟ್ಟಾಯಿತು. ಒಂದು ಮನೆಯಲ್ಲಿ ಮೂವರು ಹೆಂಗಸರು ಬೆಳಗಿನಿಂದ ಕೂತು ಉಣ್ಣದೆ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಾರೆ, ಯಜಮಾನ ಜಗಲಿಯಲ್ಲಿ ಕಾಲು ನೀಡಿದ್ದಾನೆ. ನನಗೆ ಮೈ ಉರಿದು, ಇವರಿಗೆ ಹೆಚ್ಚಿನ ಹೊತ್ತಿನ ಕೂಲಿ ಎಲ್ಲಿ ಎಂದು ಅವನನ್ನು ನಿಲ್ಲಿಸಿಕೊಂಡು ಕೇಳಿದೆ. ಒಳಗಿನಿಂದ ಅವನ ತಾಯಿ ಎದ್ದು ಬಂದರು. “ಆ ಮೂವರಲ್ಲಿ ಒಬ್ಬಳು ನಾನು, ಒಬ್ಬಳು ಅವನ ಎಂಡ್ತಿ, ಇನ್ನೊಬ್ಬಳು ಅವನ ತಂಗಿ. ಹುಳ ಕೊನೇ ಜ್ವರ ಎದ್ದೈತೆ, ಹಗಲೂ ರಾತ್ರಿ ಮೇಯ್ತದೆ. ಈ ಮನೇಲಿ ಸಾವ್ಕಾರ ಅಂದ್ರೆ ಹುಳ ಕಣವ್ವ. ಓಟಿ ಅದ್ನೇ ಕೇಳು” ಎಂದರು. ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು ಎಂಬುದೂ ನನಗೆ ಆಗ ಗೊತ್ತಿರಲಿಲ್ಲ. ಮನೆಯವರಿಗೆ ಕೂಲಿಯ ಕಾಯಿದೆ ಅನ್ವಯಿಸುವುದಿಲ್ಲ ಎಂಬುದಂತೂ ಗೊತ್ತಿತ್ತು. ಮಜ್ಜಿಗೆ ಕುಡಿಸಿ ಕಳಿಸಿದರು.

ಇನ್ನೊಂದು ಸಲ ನಮ್ಮ ಸಾಹೇಬರು ಅನಂತಯ್ಯನವರು ನನ್ನನ್ನು ಕರೆದರು. ಮೇಲಿನವರು ಯಾವ ಊರಿನಲ್ಲಿ ಬದುಕು ಎಷ್ಟು ತುಟ್ಟಿ ಎಂದು ಕೇಳಿದ್ದಾರೆ, ಅದನ್ನು ನೋಡಿಯೇ ಕೂಲಿಯ ದರ ಗೊತ್ತುಮಾಡುವುದು, ಹೋಗಿ ಅಕ್ಕಿ ಬೇಳೆ ಸೌದೆಯ ಬೆಲೆ ಬರೆದುಕೊಂಡು ಬನ್ನಿ ಎಂದರು. ಅನಂತಯ್ಯನವರು ಒಳ್ಳೆಯ ಮನುಷ್ಯರು, ನಶ್ಯ ಏರಿಸದೆ ಒಂದು ವಾಕ್ಯ ಮುಗಿಸುತ್ತಿರಲಿಲ್ಲ ಅಷ್ಟೆ. ನಾನು ಕನಕಪುರ ದಾಟಿ ಕೋಡಿಹಳ್ಳಿ ಕಡೆಯ ಒಂದು ಹಳ್ಳಿಗೆ ಹೋದೆ. ಒಬ್ಬ ಹೆಂಗಸನ್ನು ಹಾಲಿನ ಬೆಲೆ ಕೇಳಿದರೆ, “ಕೊಟ್ಟಿಗೇಲಿ ಎಮ್ಮೆ ಐತೆ, ಬೆಲೆ ಯಾಕವ್ವ?” ಎಂದಳು. ಸೌದೆ? “ಕಾಡು ಐತೆ.” ಸೊಪ್ಪು? “ಹಿತ್ಲು ಐತೆ.” ಹಂಗಾದ್ರೆ ಕುಂಬಳಕಾಯಿ? ಅವಳು ಎದ್ದು ಹೋಗಿ ಹಿತ್ತಿಲಿನಿಂದ ಒಂದು ಕುಂಬಳಕಾಯಿ ಎತ್ತಿ ತಂದು, ನಾನು ಬೇಡ ಬೇಡ ಎನ್ನುತ್ತಿದ್ದ ಹಾಗೇ ಮೊಪೆಡ್ಡಿನ ಹಿಂದೆ ಹಗ್ಗ ಬಿಗಿದು ಕಟ್ಟಿದಳು.

ಮಾರನೆಯ ದಿನ ಅದನ್ನು ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಕುಂಬಳಕಾಯಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ನಶ್ಯ ಏರಿಸಿ, “ಇದನ್ನ ಯಾವ ಕಾಲಮ್ಮಿಗೆ ಹಾಕ್ಲಮ್ಮ?” ಎಂದರು. ಕೊನೆಗೆ ಅದು ಅವರ ಮನೆಯ ಹುಳಿಗೆ ಬಿತ್ತು. ಹಳ್ಳಿಯ ಬದುಕು ಅಗ್ಗ ಎಂದು ವರದಿ ಹೋಯಿತು. ಹಳ್ಳಿಯ ವಲಯಕ್ಕೆ ಕಡಿಮೆ ಕೂಲಿ, ಪಟ್ಟಣದ ವಲಯಕ್ಕೆ ಹೆಚ್ಚು ಎಂಬುದು ಹಾಗೇ ಉಳಿಯಿತು. ಈ ವಲಯದ ಗೆರೆಯೇ ನನ್ನನ್ನು ಬೋರೇಗೌಡರ ಯೂನಿಟ್ಟಿಗೆ ಎಳೆದುಕೊಂಡು ಹೋಯಿತು.

ಬೋರೇಗೌಡರ ಯೂನಿಟ್ಟು ಚನ್ನಪಟ್ಟಣದ ತುದಿಯಲ್ಲಿತ್ತು. ಮುಂಬಾಗಿಲು ಟೌನಿಗೆ ಸೇರಿದ್ದು, ಹಿತ್ತಿಲು ಪಕ್ಕದ ಹಳ್ಳಿಗೆ. ಗೌಡರು ಜಿಪುಣರಾದರೂ ಕೆಟ್ಟವರಲ್ಲ. ಮಾತು ಬೆಣ್ಣೆ, ಕೈ ಮಾತ್ರ ಬಿಗಿ. ಗೂಡು ಬೇಯಿಸಿ ನೂಲು ತೆಗೆಯುವ ಬಿಸಿನೀರಿನ ತೊಟ್ಟಿಗೆ ಅಲ್ಲಿ ಬೇಸಿನ್ನು ಅನ್ನುತ್ತಾರೆ. ಗೌಡರು ಎಲ್ಲಾ ಬೇಸಿನ್ನುಗಳನ್ನೂ ಹಿತ್ತಿಲ ಕಡೆಗೆ ಸರಿಸಿ, “ಬಾಗ್ಲು ಟೌನು, ಬೇಸಿನ್ನು ಹಳ್ಳಿ ಕಣ್ರವ್ವ. ಅದ್ಕೇ ಹಳ್ಳಿ ಕೂಲಿ ಕೊಡ್ತೀನಿ” ಎಂದು ವಾದಿಸಿದರು. ನಾನೂ ಬಿಡಲಿಲ್ಲ. ಅಳತೆಯ ಸರಪಳಿ ತರಿಸಿ ಗಡಿ ಅಳೆಸಿದೆ. ಗಡಿ ಬೇಸಿನ್ನುಗಳ ಸಾಲಿನ ನಟ್ಟನಡುವೆ ಹಾದುಹೋಯಿತು. ಹಸೀನಾ ಎಂಬಾಕೆ ಕೂತ ಬೇಸಿನ್ನು ಟೌನಿಗೆ ಬಂತು, ಪಕ್ಕದಲ್ಲೇ ಕೂತ ಸಾಕಮ್ಮನ ಬೇಸಿನ್ನು ಹಳ್ಳಿಗೆ ಹೋಯಿತು.

ಸಾಕಮ್ಮ ವಿರೂಪಾಕ್ಷಿಪುರದ ಕಡೆಯವಳು. ಕುರಿ ಸಾಕುವ ಮನೆ. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ನಗು. ಅವಳು ಬೇಸಿನ್ನಿನಿಂದ ಕೈ ತೆಗೆಯದೆ ಕೇಳಿದಳು: “ಅವ್ವ, ನಾನು ಎದ್ದು ಹಸೀನಾ ಜಾಗ್ದಲ್ಲಿ ಕುಂತ್ರೆ ಅಕ್ಕಿ ರೇಟು ಏರ್ತದಾ?”

ಹಸೀನಾ ತಕ್ಷಣ, “ಬಾ ಸಾಕಕ್ಕ, ಬೆಳಿಗ್ಗೆ ನೀನು ಟೌನಲ್ಲಿರು, ಮಧ್ಯಾಹ್ನ ನಾನಿರ್ತೀನಿ” ಎಂದಳು. ಸಾಲಿಗೆ ಸಾಲೇ ನಕ್ಕಿತು. ಸರಪಳಿ ಹಿಡಿದವನೂ ನಕ್ಕು ಸರಪಳಿ ಬೇಸಿನ್ನಿಗೆ ಬಿಟ್ಟ.

ಅನಂತಯ್ಯನವರ ಮುಂದೆ ವ್ಯಾಜ್ಯ ಹೋದಾಗ ಅವರು ಒಂದು ಚಿಟಿಕೆ ನಶ್ಯದಲ್ಲಿ ತೀರ್ಮಾನಿಸಿದರು. “ಮನೆ ಯಾವ ಊರಿನದು ಅಂತ ಹೇಳೋದು ಬಾಗಿಲು, ಹಿತ್ತಿಲಲ್ಲ. ಗೌಡ್ರೆ, ನಿಮ್ಮ ಮನೆಗೆ ಬೀಗರು ಹಿತ್ತಿಲಿಂದ ಬರ್ತಾರೇನು?” ಎಲ್ಲರಿಗೂ ಟೌನಿನ ಕೂಲಿ ಆಯಿತು.

ನಾನು ಗೆದ್ದೆನೆಂದು ಬೀಗುತ್ತ ಮೊಪೆಡ್ಡು ತುಳಿಯುತ್ತಿದ್ದಾಗ ಸಾಕಮ್ಮ ಹಿಂದೆ ಓಡಿ ಬಂದಳು. “ಒಸಿ ನಿಂತ್ಕೊಳ್ರವ್ವ. ಕೂಲಿ ಏರಿದ್ದು ಸರಿ. ನನ್ನ ಕಷ್ಟ ಅದಲ್ಲ. ಹಳ್ಳೀಲಿ ಬದುಕು ಅಗ್ಗ ಅಂತ ಬರ್ಕೊಂಡ್ರಂತೆ. ಹಳ್ಳೀಲಿ ಇರೋದು ಅಗ್ಗ ಕಣವ್ವ, ಹಳ್ಳಿಗೆ ಹೋಗೋದು ತುಟ್ಟಿ.”

ಅವಳ ಕಷ್ಟ ಇಷ್ಟೇ. ಗೌಡರು ರಾಮನಗರದಲ್ಲಿ ಹರಾಜಿನಲ್ಲಿ ಗೂಡು ಹಿಡಿದು ತರುವಾಗ ಮಧ್ಯಾಹ್ನ ಇಳಿದಿರುತ್ತಿತ್ತು. ಗೂಡು ಕಾಯುವುದಿಲ್ಲ, ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿ ಹೊರಬಂದರೆ ನೂಲು ಹೋಯಿತು. ಅದಕ್ಕೇ “ಇನ್ನೊಂದು ಬುಟ್ಟಿ, ಇನ್ನೊಂದೇ ಬುಟ್ಟಿ” ಎಂದು ಹೊತ್ತು ಮುಳುಗಿಸುತ್ತಿದ್ದರು. ಅಷ್ಟರಲ್ಲಿ ವಿರೂಪಾಕ್ಷಿಪುರದ ಕಡೇ ಬಸ್ಸು ಹೋಗಿರುತ್ತಿತ್ತು. ಸಾಕಮ್ಮ ಹಸೀನಾಳ ಮನೆಯಲ್ಲಿ ಮಲಗಿ ಬೆಳಿಗ್ಗೆ ಅಲ್ಲಿಂದಲೇ ಕೆಲಸಕ್ಕೆ ಬರುತ್ತಿದ್ದಳು. ಮನೆಗೆ ಹೋಗುವುದು ವಾರಕ್ಕೊಮ್ಮೆ ಬರುವ ಹಬ್ಬದಂತಾಗಿತ್ತು.

“ಒಂದೋ ನನ್ನ ಬಸ್ಸಿಗೆ ಬುಡ್ಲಿ. ಇಲ್ಲ ಬಸ್ಸು ತಪ್ಸಿದ್ಕೆ ಕೂಲಿ ಕೊಡ್ಲಿ. ಎರಡ್ರಲ್ಲಿ ಒಂದು ಕೊಡ್ಸವ್ವ” ಎಂದಳು. ಹೇಳುವಾಗ ಕೈ ಜೋಡಿಸಿದಳು. ಆ ಕೈ ನೋಡಿ ನನ್ನ ಬೀಗುವಿಕೆ ಇಳಿಯಿತು. ಬಿಸಿನೀರಿನಲ್ಲಿ ನೆನೆದು ನೆನೆದು ಬೆರಳು ಬಿಳುಚಿ, ಸಂದುಗಳು ಸೀಳಿದ್ದವು. ನನಗೆ ಬಹಳ ಸಂಕಟವಾಯಿತು.

ಕಾಯಿದೆ ಅವಳ ಪರವಾಗಿತ್ತು. ಗೊತ್ತಾದ ಹೊತ್ತು ಮೀರಿ ದುಡಿಸಿಕೊಂಡರೆ ಆ ಹೊತ್ತಿಗೆ ದುಪ್ಪಟ್ಟು ಕೂಲಿ. ನಾನು ಹಾಗೆಂದು ಗೌಡರಿಗೆ ಹೇಳಿದ್ದೇ ತಡ, ಅವರು, “ಹಂಗಾದ್ರೆ ಯೂನಿಟ್ನೇ ಕೋಡಿಹಳ್ಳಿಗೆ ಕಿತ್ಕೊಂಡು ಹೋಯ್ತೀನಿ. ಅಲ್ಲಿ ಕೂಲಿ ಕಮ್ಮಿ, ಬಾಗ್ಲೂ ಹಳ್ಳೀದೇ” ಎಂದು ಎದ್ದರು. ಹೆಂಗಸರ ಮುಖ ಸಣ್ಣಗಾಯಿತು. ಯೂನಿಟ್ಟೇ ಹೋದರೆ ಬಸ್ಸೂ ಇಲ್ಲ, ಕೂಲಿಯೂ ಇಲ್ಲ. ಗೌಡರು ನಿಜಕ್ಕೂ ಸ್ಕೂಟರು ಹತ್ತಿ ಹೋದರು.

ಮೂರನೆಯ ದಿನ ವಾಪಸ್ಸು ಬಂದಾಗ ಸ್ಕೂಟರಿನ ಹಿಂದೆ ಒಂದು ಕುಂಬಳಕಾಯಿ ಕಟ್ಟಿತ್ತು. ನನಗೆ ಅದನ್ನು ನೋಡಿಯೇ ಅರ್ಥವಾಯಿತು. ಅಲ್ಲಿ ಗೌಡರು ಕೆಲಸಕ್ಕೆ ಕರೆದ ಹೆಂಗಸರೆಲ್ಲ, “ಹುಳ ಹಣ್ಣಾಗ್ಲಿ, ಗೂಡು ಕಟ್ಲಿ, ಆಮೇಲೆ ನೋಡುಮ” ಎಂದರಂತೆ. ಒಂದು ಮನೆಯ ಹುಳ ಗೂಡು ಕಟ್ಟುವಾಗ ಇನ್ನೊಂದು ಮನೆಯದು ಮೊದಲ ಜ್ವರದಲ್ಲಿರುತ್ತದೆ. ಹಾಗಾಗಿ ಆ “ಆಮೇಲೆ” ಎಂಬುದು ಬರುವುದೇ ಇಲ್ಲ. ಕೂಲಿ ಕಡಿಮೆ ಇರುವುದು ನಿಜ, ಆದರೆ ಆ ಕೂಲಿಗೆ ಬರುವವರು ಬೇಕಲ್ಲ.

ಆಮೇಲೆ ಗೌಡರು ಒಬ್ಬ ವಕೀಲರನ್ನು ಕಂಡು ಬಂದರು. ಈ ಸಲ ಅವರ ಮುಖದಲ್ಲಿ ಕಳೆ ಇತ್ತು. ನನ್ನನ್ನು ಒಳಗೆ ಕರೆದು ತೋರಿಸಿದರು. ಬೇಸಿನ್ನಿನ ಮುಂದೆ ಕೂತಿದ್ದ ಹೆಂಗಸರೆಲ್ಲರ ತಲೆಗೂ ಹೊಸ ಟರ್ಕಿ ಟವೆಲ್ಲು.

“ಇವ್ರೆಲ್ಲ ಇವತ್ತಿಂದ ಮೇಸ್ತ್ರಿಗಳು ಕಣ್ರವ್ವ. ಟವೆಲ್ ನಾನೇ ಕೊಡ್ಸಿದ್ದು. ಮೇಸ್ತ್ರಿ ಆದೋರ್ಗೆ ಓಟಿ ಇಲ್ವಂತೆ, ಕಾಯಿದೇಲೇ ಐತಂತೆ” ಎಂದರು.

ಅದು ಐತೆ. ಮೇಲ್ವಿಚಾರಣೆ ಮಾಡುವವರಿಗೆ ಓಟಿ ಇಲ್ಲ. ಆ ಕಾರಣಕ್ಕೆ ಭಾನುವಾರವೂ ತಿರುಗುತ್ತಿದ್ದ ನನಗೂ ಇರಲಿಲ್ಲ. ಆದರೆ ಒಬ್ಬರೂ ಬಿಡದೆ ಎಲ್ಲರೂ ಮೇಲ್ವಿಚಾರಕರಾದ ಯೂನಿಟ್ಟನ್ನು ನಾನು ಕಂಡಿರಲಿಲ್ಲ.

“ಇವರು ಯಾರ ಮೇಲೆ ಮೇಸ್ತ್ರಿಗಳು ಗೌಡ್ರೆ?”

ಗೌಡರು ಗೂಡಿನ ಬುಟ್ಟಿಯ ಕಡೆ ಕೈ ತೋರಿಸಿ, “ಹುಳದ ಮೇಲೆ” ಎಂದರು.

ನಾನು ಹೊರಗೆ ಹೋಗಿ ನಕ್ಕು ಮುಗಿಸಿ ಒಳಗೆ ಬಂದೆ. ಆಮೇಲೆ ಹೆಂಗಸರ ಎದುರಿಗೇ ಹೇಳಿದೆ: “ಆಗಲಿ. ಆದ್ರೆ ಮೇಸ್ತ್ರಿ ಅಂದ್ಮೇಲೆ ಕೆಲಸ ನೋಡ್ಬೇಕು, ಮಾಡೋ ಹಾಗಿಲ್ಲ. ಬೇಸಿನ್ನಿಗೆ ಕೈ ಹಾಕಿದೋರು ಕೂಲಿಯೋರು, ಅವರಿಗೆ ಓಟಿ ಕೊಡ್ಬೇಕು. ಮುಂದಿನ ವಾರ ಬಂದು ಎಲ್ಲರ ಕೈ ನೋಡ್ತೀನಿ.”

ಇದರಲ್ಲಿ ಒಂದು ಸೂಕ್ಷ್ಮ ಇದೆ. ಆ ಕಡೆಯ ರೀಲಿಂಗ್ ಮನೆಗಳಲ್ಲಿ ಮೇಸ್ತ್ರಿಯಾದವನ ಕೈ ನೀರು ಮುಟ್ಟುವುದಿಲ್ಲ. ಅದೇ ಅವನ ದೊಡ್ಡಸ್ತಿಕೆ. ಬಾಗಿಲ ಬಳಿ ಸ್ಟೂಲು ಹಾಕಿ ಕೂರುತ್ತಾನೆ, ತಲೆಗೆ ಟವೆಲ್ಲು ಸುತ್ತುತ್ತಾನೆ, ಟೀ ಮೊದಲು ಅವನಿಗೆ. ಉಳಿದವರನ್ನು “ಏಯ್” ಎಂದೇ ಕರೆಯುತ್ತಾನೆ. ಗೌಡರಿಗೆ ಈ ಪದ್ಧತಿ ಚೆನ್ನಾಗಿ ಗೊತ್ತಿತ್ತು. ಹೆಂಗಸರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಅದು ಗೌಡರ ತಲೆಗೆ ಹೊಳೆಯಲಿಲ್ಲ ಅಷ್ಟೆ.

ಮುಂದೆ ನಡೆದದ್ದನ್ನು ನಾನು ಅರ್ಧ ಕಣ್ಣಾರೆ ನೋಡಿದ್ದು, ಅರ್ಧ ಹಸೀನಾ ಬಾಯಿಂದ ಕೇಳಿದ್ದು. ನಾನು ಹೋದ ಕೂಡಲೇ ಸಾಕಮ್ಮ ಬೇಸಿನ್ನಿನಿಂದ ಕೈ ತೆಗೆದು ಟವೆಲ್ಲಿಗೆ ಒರೆಸಿಕೊಂಡು ಗೋಡೆಗೊರಗಿ ಕೂತಳಂತೆ. ಉಳಿದವರೂ ಹಾಗೇ. ಗೌಡರು, “ಏನಾಯ್ತು?” ಎಂದರೆ ಸಾಕಮ್ಮ, “ನೋಡ್ತಾ ಇವ್ನಿ ಗೌಡ್ರೆ, ಮೇಸ್ತ್ರಿ ಅಲ್ವಾ?” ಎಂದಳಂತೆ. ಆಮೇಲೆ ಹಸೀನಾ ಕಡೆ ತಿರುಗಿ, “ಏಯ್, ಬೇಗ ಬೇಗ ಮಾಡು.” ಹಸೀನಾ ಪಕ್ಕದವಳಿಗೆ, “ಏಯ್, ಕೇಳ್ಲಿಲ್ವಾ?” ಪಕ್ಕದವಳು ಅವಳ ಪಕ್ಕದವಳಿಗೆ. ಹೀಗೆ “ಏಯ್” ಎಂಬುದು ಸಾಲಿನ ತುದಿಗೆ ಹೋಗಿ, ಇನ್ಯಾರೂ ಇಲ್ಲದೆ, ಗೌಡರ ಮೇಲೆ ಬಂದು ನಿಂತಿತು.

ಟೀ ಹೊತ್ತಾಯಿತು. ಮೇಸ್ತ್ರಿಗಳು ಟೀ ಕಾಯಿಸುವುದುಂಟೇ? ಗೌಡರೇ ಕಾಯಿಸಿದರು. ಎಲ್ಲರೂ ಮೇಸ್ತ್ರಿಗಳೇ ಆದ್ದರಿಂದ ಮೊದಲ ಲೋಟ ಯಾರಿಗೆ ಎಂಬ ಪ್ರಶ್ನೆ ಎದ್ದು, ಅದು ತೀರುವಷ್ಟರಲ್ಲಿ ಟೀ ಆರಿ, ಗೌಡರು ಮತ್ತೊಮ್ಮೆ ಕಾಯಿಸಿದರು. ಬೇರೆ ಆಳು ತರೋಣವೆಂದರೆ ಆಗ ಕೈ ಪಳಗಿದ ರೀಲಿಂಗ್ ಹೆಂಗಸು ಸಿಗುವುದು ಮದುವೆಗೆ ಹೆಣ್ಣು ಹುಡುಕಿದ್ದಕ್ಕಿಂತ ಕಷ್ಟ. ಎಲ್ಲಾ ಯೂನಿಟ್ಟಿನವರೂ ಕೈ ಕೈ ಎಂದು ಬಾಯಿ ಬಿಡುತ್ತಿದ್ದರು. ಕೊನೆಗೆ ಗೌಡರು ತಾವೇ ಪಂಚೆ ಎತ್ತಿ ಕಟ್ಟಿ ಬೇಸಿನ್ನಿನ ಮುಂದೆ ಕೂತರು. ಎಳೆ ಸಿಗಲಿಲ್ಲ, ಬೆರಳು ಸುಟ್ಟುಕೊಂಡರು. ಅಷ್ಟೂ ಮೇಸ್ತ್ರಿಗಳು ಸುತ್ತ ನಿಂತು, “ಒಸಿ ಮೆತ್ಗೆ ಗೌಡ್ರೆ, ಎಳೆ ಹರೀತದೆ” ಎಂದು ಮೇಲ್ವಿಚಾರಣೆ ಮಾಡಿದರು.

ನಾನು ಹೇಳಿದ ಹಾಗೆ ವಾರ ಕಳೆದು ಹೋದೆ. ಬಾಗಿಲಲ್ಲೇ ಕಾಲು ನಿಂತುಬಿಟ್ಟಿತು. ಗೌಡರು ಹಿಂದೆಯೇ ಹಿಡಿದಿಟ್ಟಿದ್ದ ಗೂಡಿನ ರಾಶಿಯಿಂದ ಚಿಟ್ಟೆಗಳು ತೂತು ಮಾಡಿ ಹೊರಗೆ ಬಂದಿದ್ದವು. ರೇಷ್ಮೆ ಚಿಟ್ಟೆಗೆ ಹಾರಲು ಬಾರದು. ರೆಕ್ಕೆ ಪಟಪಟ ಬಡಿಯುತ್ತ ನಡೆದಾಡುತ್ತದೆ. ನೆಲದ ಮೇಲೆ ಚಿಟ್ಟೆ, ಬುಟ್ಟಿಯ ಮೇಲೆ ಚಿಟ್ಟೆ, ಮೇಸ್ತ್ರಿಗಳ ಟವೆಲ್ಲಿನ ಮೇಲೆ ಚಿಟ್ಟೆ. ಸ್ಟೂಲಿನ ಮೇಲೆ ತಲೆ ಹಿಡಿದು ಕೂತ ಗೌಡರ ಭುಜದ ಮೇಲೆ ಒಂದು ಜೋಡಿ ಆಗಲೇ ಸಂಸಾರ ಹೂಡಿತ್ತು. ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನಾನು ಸರ್ಕಾರಿ ಮುಖ ಇಟ್ಟುಕೊಳ್ಳಲು ನೋಡಿದೆ, ಆಗಲಿಲ್ಲ.

“ಕೈ ತೋರಿಸಿ” ಎಂದೆ.

ಎಲ್ಲರೂ ಸಾಲಾಗಿ ಕೈ ಚಾಚಿದರು. ಸಾಕಮ್ಮ ತನ್ನ ಕೈ ಮುಂದೆ ಹಿಡಿದು ತಾನೇ ಅದನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಬೆರಳ ಸಂದಿನ ಸೀಳುಗಳು ಕೂಡಿಕೊಂಡಿದ್ದವು. “ಒಣಗವೆ ನೋಡವ್ವ. ಮದ್ವೆ ಆದ್ಮೇಲೆ ಇದೇ ಮೊದ್ಲು” ಎಂದಳು. ಅಷ್ಟು ನಗುವಿನ ನಡುವೆಯೂ ನನ್ನ ಕಣ್ಣು ಒದ್ದೆಯಾಯಿತು.

ಗೌಡರು ಭುಜದ ಚಿಟ್ಟೆಯನ್ನು ಮೆಲ್ಲಗೆ ಎತ್ತಿ ಬುಟ್ಟಿಗೆ ಬಿಟ್ಟು, ಎದ್ದು ನಿಂತು, “ಎಲ್ಲಾರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರು ತಾಯಿ? ಇವ್ರುನ್ನ ಕೆಳಗಿಳ್ಸಿ ಅತ್ಲಾಗೆ. ಓಟಿ ಕೊಡ್ತೀನಿ, ದುಪ್ಪಟ್ಟೇ ಕೊಡ್ತೀನಿ. ಹಿಂದಿಂದೂ ತೀರಿಸ್ತೀನಿ” ಎಂದರು.

ಹಾಗೆ ಒಂದೇ ದಿನದಲ್ಲಿ ಅಷ್ಟೂ ಮೇಸ್ತ್ರಿಗಳಿಗೆ ಹಿಂಬಡ್ತಿಯಾಯಿತು. ಹಸೀನಾ ಹೋಗಿ ಬೂಂದಿ ಲಾಡು ತಂದು ಹಂಚಿದಳು. ಹಿಂಬಡ್ತಿಗೆ ಸಿಹಿ ಹಂಚಿದ್ದನ್ನು ನನ್ನ ಸರ್ವೀಸಿನಲ್ಲಿ ನೋಡಿದ್ದು ಅದೊಂದೇ ಸಲ. ಮೊದಲ ಲಾಡು ಗೌಡರಿಗೇ ಕೊಟ್ಟರು. ತಿಂದರು ಪಾಪ. ನನಗೆ ಓಟಿ ಇಲ್ಲವೆಂದು ಯಾರೋ ಹೇಳಿದ್ದು ಕೇಳಿ ಸಾಕಮ್ಮ, “ಅಯ್ಯೋ, ನೀವಿನ್ನೂ ಮೇಸ್ತ್ರೀನಾ?” ಎಂದು ಮರುಗಿ ನನ್ನ ಕೈಗೆ ಎರಡು ಲಾಡು ಇಟ್ಟಳು.

ಸಾಹೇಬರಿಗೆ ವರದಿ ಒಪ್ಪಿಸುವಾಗ ಚಿಟ್ಟೆಯ ಭಾಗ ಹೇಳಿದೆ. ಅನಂತಯ್ಯನವರು ನಶ್ಯದ ಡಬ್ಬಿ ತೆರೆದವರು ಹಾಗೇ ಮರೆತು ನಕ್ಕರು. ನಶ್ಯವೆಲ್ಲ ಕಡತದ ಮೇಲೆ ಬಿದ್ದು, ಅದನ್ನು ತೆರೆದವರೆಲ್ಲ ಬಹಳ ಕಾಲ ಸೀನುತ್ತಿದ್ದರು.

ತಿಂಗಳಾದ ಮೇಲೆ ಓಟಿ ಸರಿಯಾಗಿ ಸಿಗುತ್ತಿದೆಯೇ ನೋಡೋಣವೆಂದು ಒಂದು ಸಂಜೆ ಯೂನಿಟ್ಟಿಗೆ ಹೋದೆ. ಬೆಳಕು ಇನ್ನೂ ಚೆನ್ನಾಗಿತ್ತು, ಒಲೆಗಳು ಮಾತ್ರ ಆರಿದ್ದವು. ಗೌಡರು ಒಬ್ಬರೇ ಬಾಗಿಲು ಹಾಕುತ್ತಿದ್ದರು. ಹೆಂಗಸರೆಲ್ಲಿ ಎಂದೆ. “ದುಪ್ಪಟ್ಟು ಕೊಟ್ಟು ಯಾವೋನು ಕೂರುಸ್ತಾನೆ ತಾಯಿ? ಈಗ ಗೂಡು ಎಷ್ಟು ಬೇಕೋ ಅಷ್ಟೇ ಹಿಡೀತೀನಿ. ಹೊತ್ತಾಯ್ತು ಅಂದ್ರೆ ಒಲೆಗೆ ನಾನೇ ನೀರು ಹಾಕ್ತೀನಿ” ಎಂದರು. ಬೀಗ ಹಾಕಿ ಮತ್ತೊಮ್ಮೆ ಎಳೆದು ನೋಡಿದರು.

ನನಗೆ ಒಂದು ಕ್ಷಣ ಪಿಚ್ಚೆನಿಸಿತು. ಹಿಂದಿನ ಬಾಕಿ ಬಿಟ್ಟರೆ, ಅಷ್ಟು ಹೊಡೆದಾಡಿ ಕೊಡಿಸಿದ ಓಟಿ ಸಾಕಮ್ಮನ ಕೈಗೆ ಬರುವ ಮುಂಚೆಯೇ ಮಾಯವಾಯಿತಲ್ಲ ಎನಿಸಿತು. ಬಸ್ ಸ್ಟ್ಯಾಂಡಿಗೆ ಹೋದೆ. ವಿರೂಪಾಕ್ಷಿಪುರದ ಬಸ್ಸು ಹೊರಡಲು ಸದ್ದು ಮಾಡುತ್ತಿತ್ತು. ಕಿಟಕಿಯ ಪಕ್ಕ ಸಾಕಮ್ಮ ಕೂತಿದ್ದಳು. ಅವಳ ಪಕ್ಕದ ಸೀಟೂ ಖಾಲಿ, ನನ್ನದರ ಹಾಗೇ.

ಕಿಟಕಿಯ ಬಳಿ ಹೋಗಿ, “ಸಾಕಮ್ಮ, ಈಗ ಓಟಿ ಸಿಗಲ್ವಂತಲ್ಲೇ” ಎಂದೆ.

ಬಸ್ಸು ಹೊರಟಿತ್ತು. ಸಾಕಮ್ಮ ತಲೆ ಹೊರಗೆ ಹಾಕಿ, ನಗುತ್ತ, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿ ಹೇಳಿದಳು:

“ಬಸ್ಸು ಸಿಕ್ತಲ್ಲವ್ವ. ದಿನಾ ಕುರಿ ಹಟ್ಟಿಗೆ ಬರೋ ಹೊತ್ಗೆ ನಾನೂ ಹೋಯ್ತೀನಿ.”